ಒಳಗಿನ ಕಂಪ್ಯೂಟರಿನಲ್ಲಿ ಅತ್ತೆಯ ಹಾಡುಗಳು

ಸಾಗರದಲ್ಲಿರುವ ನನ್ನ ಸೋದರತ್ತೆ ಹನ್ನೆರಡು ವರ್ಷ ಒಂದು ಸಣ್ಣ ಡಿಟಿಪಿ ಅಂಗಡಿ ನಡೆಸಿದಳು. ಹಗಲು ಮದುವೆ ಕಾಗದ, ಬಿಲ್ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ. ರಾತ್ರಿ ಶಟರ್ ಅರ್ಧ ಎಳೆದುಕೊಂಡು ಹಾಡು ಟೈಪ್ ಮಾಡುತ್ತಿದ್ದಳು. ಅಜ್ಜಿ ಹೇಳುತ್ತಿದ್ದ ಹಸೆ ಹಾಡು, ಎಣ್ಣೆ ಅರಿಶಿನದ ಹಾಡು, ಬೀಸುವ ಪದ, ತೊಟ್ಟಿಲ ಹಾಡು. ಆಮೇಲೆ ಅಕ್ಕಪಕ್ಕದ ಊರಿನ ಹೆಂಗಸರು ಹೇಳಿದ ಹಾಡುಗಳು. 2003ರಲ್ಲಿ ಶುರು ಮಾಡಿದ್ದು, 2008ರ ಹೊತ್ತಿಗೆ 212 ಆಗಿತ್ತು. ಹಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ.

ಮೊದಲ 60 ಹಾಡುಗಳಿಗೆ ಮಾತ್ರ ಕಾಗದದ ಪ್ರೂಫ್ ಇತ್ತು. ಉಳಿದ ಅಷ್ಟೂ ಅಂಗಡಿಯ ಹಳೆಯ ಕಂಪ್ಯೂಟರಿನ 40 ಜಿಬಿ ಹಾರ್ಡ್ ಡಿಸ್ಕಿನಲ್ಲಿ. ಕಳೆದ ಮಳೆಗಾಲದಲ್ಲಿ ಆ ಕಂಪ್ಯೂಟರ್ ಆನ್ ಆಗುವುದನ್ನು ನಿಲ್ಲಿಸಿತು. ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ, ಅಂಥದ್ದು ಈಗ ಸಿಗುವುದಿಲ್ಲ ಎಂದರು. ನಾನು ಊರಿಗೆ ಹೋದಾಗ ಅತ್ತೆ ಡಿಸ್ಕನ್ನು ಬಿಚ್ಚಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಳು. ‘ಹಾಡೆಲ್ಲ ಇದ್ರಲ್ಲೇ ಇದ್ದು ಕೂಸೆ’ ಅಂದಳು. ಜೊತೆಗೆ ಒಂದು ಬಿಸ್ಕತ್ ಡಬ್ಬ. ಅದರಲ್ಲಿ ಅಂಗಡಿಗೆಂದು ತಗೊಂಡಿದ್ದ ವಿಂಡೋಸ್ ಎಕ್ಸ್‌ಪಿ ಸಿಡಿ, ಪುಟ ಜೋಡಿಸುವ ಪೇಜ್‌ಮೇಕರ್ ಸಿಡಿ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಸಿಡಿ, ಅವುಗಳ ಕೀಲಿ ಸಂಖ್ಯೆ ಬರೆದ ಚೀಟಿಗಳು. ಇಷ್ಟು ವರ್ಷ ಅವನ್ನು ಜೋಪಾನ ಮಾಡಿದ್ದಳು. ಆ ಡಬ್ಬ ಇಲ್ಲದಿದ್ದರೆ ಈ ಕೆಲಸ ಮುಗಿಯುತ್ತಿರಲಿಲ್ಲ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಆಫೀಸಿನಲ್ಲಿ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಪ್ರೋಗ್ರಾಮಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್, ಬಳಸುತ್ತೇನೆ, ಆದರೆ ಅದನ್ನು ಬೇರೆಯವರು ಸಿದ್ಧ ಮಾಡಿ ಕೊಟ್ಟಿರುತ್ತಾರೆ. ಇಪ್ಪತ್ತು ವರ್ಷ ಹಳೆಯ ಒಂದು ಅಂಗಡಿಯನ್ನೇ ಅದರೊಳಗೆ ಕಟ್ಟುವುದು ಇದೇ ಮೊದಲು. ಸುಮಾರು ಏಳು ವಾರಾಂತ್ಯ ಹಿಡಿಯಿತು. ಹಳೆಯ ಕನ್ನಡ ಫೈಲುಗಳು ಮನೆಯಲ್ಲಿ ಬಿದ್ದಿರುವವರು ತುಂಬ ಜನ ಇದ್ದಾರೆ, ಅಲ್ವಾ? ಅವರಿಗೆ ಬೇಕಾದೀತು ಅಂತ ಎಲ್ಲಿ ಸಿಕ್ಕಿಕೊಂಡೆ, ಹೇಗೆ ಬಿಡಿಸಿಕೊಂಡೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಡಿಸ್ಕಿನ ಪೂರ್ತಿ ಪ್ರತಿ. ಹಳೆಯ ಡಿಸ್ಕಿನಿಂದ ನೇರವಾಗಿ ಫೈಲು ತೆಗೆಯಲು ಹೋಗಬೇಡಿ. ಎಷ್ಟು ಹೊತ್ತು ಬದುಕಿರುತ್ತದೋ ಗೊತ್ತಿಲ್ಲ. ಹಳೆಯ ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ತಂದೆ. ಅದಕ್ಕೆ ಬೇರೆ ವಿದ್ಯುತ್ ಪ್ಲಗ್ ಇರುವಂಥದ್ದೇ ಬೇಕು, ದೊಡ್ಡ ಡಿಸ್ಕಿಗೆ ಯುಎಸ್‌ಬಿಯ ವಿದ್ಯುತ್ ಸಾಲದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇದೆ. ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಹಚ್ಚಿದೆ. ಅದು ಓದಲು ಬರುವ ಭಾಗವನ್ನೆಲ್ಲ ಮೊದಲು ಬೇಗ ಬೇಗ ಎತ್ತಿಕೊಳ್ಳುತ್ತದೆ. ಕೆಟ್ಟ ಜಾಗಗಳನ್ನು ಗುರುತು ಹಾಕಿಟ್ಟು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ರಾತ್ರಿ ಪೂರ್ತಿ ಓಡಿತು. ಬೆಳಿಗ್ಗೆ ಎದ್ದು ನೋಡಿದರೆ ಒಂದೆರಡು ಚೂರು ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ಡಿಸ್ಕನ್ನು ಅದೇ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಆಮೇಲೆ ಅದನ್ನು ಮುಟ್ಟಿಲ್ಲ.

ಫೈಲು ಸಿಕ್ಕಿತಲ್ಲ, ಇನ್ನೇನು ಎಂದು ಕೇಳಬಹುದು. ಫೈಲು ಸಿಕ್ಕರೆ ಹಾಡು ಸಿಕ್ಕಿದ ಹಾಗಲ್ಲ. ಅತ್ತೆ ಹಾಡು ಕೂರಿಸಿದ್ದು ಪೇಜ್‌ಮೇಕರ್ 7.0ರಲ್ಲಿ. ಅದು 2001ರಲ್ಲಿ ಬಂದ ಕೊನೆಯ ದೊಡ್ಡ ಆವೃತ್ತಿ. ಲೋಕದ ಭಾಷೆಗಳ ಅಕ್ಷರಗಳಿಗೆ ಒಂದೇ ಪಟ್ಟಿಯಲ್ಲಿ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಇತ್ತು. ಆದರೆ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಆಗಿನ ಡಿಟಿಪಿಯವರೆಲ್ಲ ಬೇರೆ ದಾರಿ ಹಿಡಿದಿದ್ದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದರು. ನುಡಿಯ ಫಾಂಟಿನಲ್ಲಿ ‘ಕ’ ಎಂದರೆ ಇಂಗ್ಲಿಷಿನ ದೊಡ್ಡ ಪಿ ಮತ್ತು ತಲೆಯ ಮೇಲೆ ಗೀಟಿರುವ ಎ. ಪಿ ಜಾಗದಲ್ಲಿ ಕ-ದ ಒಡಲು, ಗೀಟಿನ ಎ ಜಾಗದಲ್ಲಿ ತಲಕಟ್ಟು. ‘ನ’ ಬೇಕಾದರೆ ಪೌಂಡ್ ಗುರುತು ಮತ್ತು ಮತ್ತೆ ಅದೇ ಎ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡ್ ಗುರುತುಗಳ ರಾಶಿ. ಪೇಜ್‌ಮೇಕರ್ ಫೈಲನ್ನು ಲಿಬ್ರೆಆಫೀಸಿನಲ್ಲೂ ತೆರೆಯಬಹುದು. ತೆರೆದು ನೋಡಿದೆ. ಅತ್ತೆಯ ಪುಟಗಳಲ್ಲಿ ಎರಡೆರಡು ಕಾಲಂ, ಸುತ್ತ ಹಸೆಯ ಚಿತ್ತಾರ. ಆ ವಿನ್ಯಾಸ ಉಳಿಸಿಕೊಳ್ಳಲು ಹಳೆಯ ಪೇಜ್‌ಮೇಕರೇ ಬೇಕು ಅನ್ನಿಸಿತು.

ವರ್ಚುವಲ್ ಮಷೀನ್ ಕಟ್ಟುವ ವರ್ಚುವಲ್‌ಬಾಕ್ಸ್ ಎಂಬ ಪ್ರೋಗ್ರಾಂ ಹಾಕಿದೆ. ಮೊದಲ ಆಸೆ ಅಂಗಡಿಯ ಕಂಪ್ಯೂಟರನ್ನು ಇದ್ದ ಹಾಗೇ ಎಬ್ಬಿಸುವುದು. ಡಿಸ್ಕಿನ ಪ್ರತಿಯನ್ನು ವರ್ಚುವಲ್ ಡಿಸ್ಕಾಗಿ ಬದಲಾಯಿಸಿ ಬೂಟ್ ಮಾಡಿದೆ. ಎಕ್ಸ್‌ಪಿಯ ಲಾಂಛನ ಬಂತು. ಎದೆ ಡವಡವ ಅಂದಿತು. ಮರುಕ್ಷಣ ನೀಲಿ ಪರದೆ. ಸೊನ್ನೆಗಳ ಸಾಲು, ಕೊನೆಯಲ್ಲಿ 7ಬಿ.

ಆ 7ಬಿಗೆ ಅರ್ಥ, ಬೂಟ್ ಆಗಬೇಕಾದ ಡಿಸ್ಕು ವಿಂಡೋಸ್‌ಗೆ ಸಿಗುತ್ತಿಲ್ಲ. ಡಿಸ್ಕ್ ಕೆಟ್ಟಿಲ್ಲ. ಅಂಗಡಿಯ ಮದರ್‌ಬೋರ್ಡಿನಲ್ಲಿ ಡಿಸ್ಕ್ ನೋಡಿಕೊಳ್ಳುತ್ತಿದ್ದ ಚಿಪ್ ಒಂದು, ವರ್ಚುವಲ್‌ಬಾಕ್ಸ್ ತೋರಿಸುವ ಚಿಪ್ ಇನ್ನೊಂದು. ಆ ಎಕ್ಸ್‌ಪಿಗೆ ಹಳೆಯ ಚಿಪ್ಪಿನ ಜೊತೆ ಮಾತಾಡುವ ಡ್ರೈವರ್ ಮಾತ್ರ ಗೊತ್ತಿತ್ತು. ಇದನ್ನು ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಸರಿಮಾಡಬಹುದು. ಆದರೆ ಹಾರ್ಡ್‌ವೇರ್ ಪೂರ್ತಿ ಬದಲಾದಾಗ ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳುತ್ತದೆ. ಆ ಯಂತ್ರದಲ್ಲಿದ್ದ ಎಕ್ಸ್‌ಪಿಯ ಕೀಲಿ ಸಂಖ್ಯೆ ಡಬ್ಬದ ಸಿಡಿಯದಲ್ಲ, ಅದರ ಸ್ಟಿಕ್ಕರು ಸವೆದು ಓದಲು ಬರುತ್ತಿರಲಿಲ್ಲ. ಒಂದು ದಿನ ಯೋಚಿಸಿ ಆ ದಾರಿ ಬಿಟ್ಟೆ. ಡಬ್ಬದಲ್ಲಿದ್ದ ಸಿಡಿಯಿಂದ ಹೊಸದಾಗಿ ಎಕ್ಸ್‌ಪಿ ಹಾಕುವುದು, ಹಳೆಯ ಡಿಸ್ಕಿನ ಪ್ರತಿಯನ್ನು ಎರಡನೇ ಡಿಸ್ಕಾಗಿ ಜೋಡಿಸುವುದು ಅಂತ ತೀರ್ಮಾನ ಮಾಡಿದೆ. ವರ್ಚುವಲ್‌ಬಾಕ್ಸಿನಲ್ಲಿ ಒಂದು ಡಿಸ್ಕನ್ನು ಬದಲಾಗದ ಡಿಸ್ಕ್ ಎಂದು ಗುರುತು ಮಾಡಬಹುದು. ಒಳಗಿನಿಂದ ಏನೇ ಬರೆದರೂ ಅದು ಬೇರೆ ಕಡೆ ಹೋಗುತ್ತದೆ, ಮೂಲಕ್ಕೆ ತಾಗುವುದಿಲ್ಲ. ಹಾಗೆ ಮಾಡಿದ ಮೇಲೆ ನಿಶ್ಚಿಂತೆಯಿಂದ ಕೈ ಆಡಿಸಲು ಆಯಿತು.

ಎಕ್ಸ್‌ಪಿ ಹಾಕುವಾಗ ಎರಡು ಸಣ್ಣ ಅಡ್ಡಿ. ಒಂದು, ಲ್ಯಾಪ್‌ಟಾಪಿನ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆಫ್ ಆಗಿತ್ತು. ವರ್ಚುವಲ್‌ಬಾಕ್ಸ್ 6.1ರಿಂದ ಈಚೆಗೆ ಅದು ಆನ್ ಇರಲೇಬೇಕು. ಇನ್ನೊಂದು, ನಾನು ಡಿಸ್ಕನ್ನು ಸಾಟಾ ಎಂಬ ಹೊಸ ಬಗೆಯ ಕಂಟ್ರೋಲರಿಗೆ ಹಾಕಿದ್ದೆ. ಎಕ್ಸ್‌ಪಿ ಸಿಡಿಯಲ್ಲಿ ಅದಕ್ಕೆ ಡ್ರೈವರ್ ಇಲ್ಲ. ಹಾರ್ಡ್ ಡಿಸ್ಕೇ ಇಲ್ಲ ಅಂದಿತು. ಐಡಿಇಗೆ ಬದಲಾಯಿಸಿದೆ, ಮುಂದೆ ಹೋಯಿತು. ನೆಟ್‌ವರ್ಕ್ ಕಾರ್ಡನ್ನು ಮೊದಲೇ ತೆಗೆದುಹಾಕಿದ್ದೆ. ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅಂಥದ್ದನ್ನು ಇಂಟರ್ನೆಟ್ಟಿಗೆ ಬಿಡಬಾರದು. ಫೈಲು ಒಳಗೆ ಹೊರಗೆ ಸಾಗಿಸಲು, ಎರಡೂ ಕಡೆಯಿಂದ ಕಾಣುವ ಶೇರ್ಡ್ ಫೋಲ್ಡರ್ ಸಾಕು.

ಇಲ್ಲಿಂದ ಮುಂದೆ ನಿಜವಾದ ಕೆಲಸ. ಯಂತ್ರ ಎದ್ದಿತು, ಅಪ್ಲಿಕೇಶನ್‌ಗಳು ಕೂತವು, ಆದರೆ ಯಾವುದೂ ಸರಿಯಾಗಿ ನಡೆಯುತ್ತಿಲ್ಲ.

ಪೇಜ್‌ಮೇಕರಿನಲ್ಲಿ ಮೊದಲ ಫೈಲು ತೆರೆದೆ. ಫಾಂಟ್ ಸಿಗುತ್ತಿಲ್ಲ, ಬದಲಿಗೆ ಇದನ್ನು ಹಾಕಲೇ ಎಂದು ಕೇಳುವ ಪಾನೋಸ್ ಪೆಟ್ಟಿಗೆ ಬಂತು. ಇದು ನಿರೀಕ್ಷೆ ಇದ್ದದ್ದೇ. ಒಪ್ಪದೆ ಮುಚ್ಚಿದೆ. ಇಲ್ಲಿ ಸುಮ್ನೆ ಓಕೆ ಒತ್ತಿ ಫೈಲು ಸೇವ್ ಮಾಡಿದರೆ ಅಕ್ಷರಗಳು ಬೇರೆ ಫಾಂಟಿಗೆ ಹೋಗಿ ಕೂತುಬಿಡಬಹುದು, ಹುಷಾರಾಗಿರಬೇಕು. ನುಡಿ ಸಿಡಿಯಲ್ಲಿದ್ದ ಫಾಂಟುಗಳಲ್ಲಿ ಕೆಲವು ಅತ್ತೆ ಬಳಸಿದ ಹೆಸರಿಗೆ ಹೊಂದಲಿಲ್ಲ. ಹಳೆಯ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದಲೇ ಎಲ್ಲವನ್ನೂ ಎತ್ತಿ, ಶೇರ್ಡ್ ಫೋಲ್ಡರಿನಲ್ಲಿಟ್ಟು, ಅಲ್ಲಿಂದ ಇನ್‌ಸ್ಟಾಲ್ ಮಾಡಿದೆ. ಫೈಲು ತೆರೆದೆ. ಪರದೆಯ ತುಂಬ ಕನ್ನಡ! ‘ಹಸೆ ಬರೆಯುವಾಗಿನ ಹಾಡು’ ಎಂಬ ತಲೆಬರಹ, ಕೆಳಗೆ ಹಾಡಿದವರ ಊರು. ರಾತ್ರಿ ಹನ್ನೊಂದಾಗಿತ್ತು. ಅತ್ತೆಗೆ ಫೋನ್ ಮಾಡಿಯೇಬಿಟ್ಟೆ. ‘ಬಂತನೇ?’ ಎಂದು ಒಂದೇ ಮಾತು ಕೇಳಿದಳು.

ಮಾರನೆಯ ದಿನ ಯಂತ್ರ ಆನ್ ಮಾಡಿದರೆ ಕನ್ನಡ ಇಲ್ಲ. ಮತ್ತೆ ಪಾನೋಸ್ ಪೆಟ್ಟಿಗೆ.

ಇದು ನನ್ನನ್ನು ತುಂಬ ಕಾಡಿತು. ನಿನ್ನೆ ಇತ್ತು, ಇಂದು ಇಲ್ಲ, ನಡುವೆ ನಾನು ಏನೂ ಮುಟ್ಟಿಲ್ಲ. ಪೇಜ್‌ಮೇಕರನ್ನು ಮತ್ತೆ ಇನ್‌ಸ್ಟಾಲ್ ಮಾಡಿದೆ. ಉಪಯೋಗವಾಗಲಿಲ್ಲ. ಫಾಂಟ್ ಮತ್ತೆ ಹಾಕಿದೆ, ಬಂತು. ಯಂತ್ರ ಆರಿಸಿ ಹಚ್ಚಿದೆ, ಹೋಯಿತು. ಅರ್ಧ ದಿನ ಪೇಜ್‌ಮೇಕರಿನಲ್ಲೇ ತಪ್ಪು ಹುಡುಕುತ್ತ ಕಳೆದೆ.

ಅವತ್ತು ಅತ್ತೆಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅವಳಿಗೆ ವರ್ಚುವಲ್ ಮಷೀನ್ ಅಂದರೆ ಏನೆಂದು ಗೊತ್ತಿಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದೆ, ಅದರೊಳಗೆ ನಿನ್ನ ಪೇಜ್‌ಮೇಕರ್ ಇದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮಳೆಗಾಲದಲ್ಲಿ ನಮ್ಮ ಮನೆಯ ಮಾಡು ಸೋರುವುದನ್ನು ನೆನಪಿಸಿದಳು. ನೀರು ಬೀಳುವುದು ನಡುಮನೆಯಲ್ಲಿ. ಒಡೆದ ಹಂಚು ಇರುವುದು ಎಲ್ಲೋ ಮೇಲೆ, ಮಾಡಿನ ನೆತ್ತಿಯ ಹತ್ತಿರ. ನೀರು ಪಕಾಸಿ ಹಿಡಿದು ಇಳಿದು ಬಂದು ಇಲ್ಲಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಜಾಗದ ಹಂಚು ಬದಲಾಯಿಸಿದರೆ ಪ್ರಯೋಜನವಿಲ್ಲ.

ಆ ಮಾತು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಒಂದು ನೋಟ್‌ಬುಕ್ ತೆಗೆದುಕೊಂಡೆ. ಪುಟದಲ್ಲಿ ಅಡ್ಡ ಗೆರೆ ಎಳೆದು ಐದು ಅಂತಸ್ತು ಮಾಡಿದೆ. ತಳದಲ್ಲಿ ಉಬುಂಟು. ಅದರ ಮೇಲೆ ವರ್ಚುವಲ್‌ಬಾಕ್ಸ್ ತೋರಿಸುವ ಹುಸಿ ಹಾರ್ಡ್‌ವೇರ್. ಅದರ ಮೇಲೆ ಎಕ್ಸ್‌ಪಿ. ಆಮೇಲೆ ಪೇಜ್‌ಮೇಕರ್ ಮತ್ತು ನುಡಿ. ತುದಿಯಲ್ಲಿ ಅತ್ತೆಯ ಫೈಲು. ತೊಂದರೆ ಬಂದಾಗಲೆಲ್ಲ ಮೊದಲ ಪ್ರಶ್ನೆ, ಇದು ಕಾಣಿಸುತ್ತಿರುವ ಅಂತಸ್ತಿನದೇ? ಅಥವಾ ಕೆಳಗಿನಿಂದ ಬಂದದ್ದೇ? ಗೊತ್ತು ಮಾಡಿಕೊಳ್ಳಲು ಅದೇ ಅಂತಸ್ತಿನ ಇನ್ನೊಂದು ಪ್ರೋಗ್ರಾಮಿನಲ್ಲಿ ಅದೇ ಕೆಲಸ ಮಾಡಿ ನೋಡಬೇಕು. ವರ್ಡ್‌ಪ್ಯಾಡ್ ತೆರೆದೆ. ಅಲ್ಲೂ ನುಡಿ ಫಾಂಟ್ ಇಲ್ಲ. ಅಂದರೆ ಪೇಜ್‌ಮೇಕರ್ ತಪ್ಪಿತಸ್ಥ ಅಲ್ಲ. ಎಕ್ಸ್‌ಪಿಗೇ ಫಾಂಟ್ ಸಿಗುತ್ತಿಲ್ಲ.

ಕಾರಣ ಹತ್ತು ನಿಮಿಷದಲ್ಲಿ ಸಿಕ್ಕಿತು. ಎಕ್ಸ್‌ಪಿಯಲ್ಲಿ ಫಾಂಟ್ ಸೇರಿಸುವ ಪೆಟ್ಟಿಗೆಯ ಕೆಳಗೆ ಒಂದು ಟಿಕ್ ಗುರುತು ಇರುತ್ತದೆ. ಫಾಂಟನ್ನು ಫಾಂಟ್ಸ್ ಫೋಲ್ಡರಿಗೆ ನಕಲು ಮಾಡಬೇಕೇ ಎಂದು. ಎರಡೆರಡು ಪ್ರತಿ ಯಾಕೆ ಎಂದು ನಾನು ಆ ಟಿಕ್ ತೆಗೆದಿದ್ದೆ. ಆಗ ವಿಂಡೋಸ್ ಫಾಂಟ್ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತದೆ. ವಿಳಾಸ ಶೇರ್ಡ್ ಫೋಲ್ಡರಿನದು. ಯಂತ್ರ ಏಳುವ ಹೊತ್ತಿಗೆ ಶೇರ್ಡ್ ಫೋಲ್ಡರ್ ಇನ್ನೂ ಜೋಡಣೆ ಆಗಿರುವುದಿಲ್ಲ. ವಿಳಾಸಕ್ಕೆ ಹೋದರೆ ಮನೆಯೇ ಇಲ್ಲ. ಟಿಕ್ ಹಾಕಿ ಮತ್ತೆ ಸೇರಿಸಿದೆ. ಆಮೇಲೆ ಒಮ್ಮೆಯೂ ಹೋಗಲಿಲ್ಲ.

ಅವತ್ತಿನಿಂದ ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಏನನ್ನೇ ಬದಲಾಯಿಸುವ ಮೊದಲು ಸ್ನ್ಯಾಪ್‌ಶಾಟ್, ಅಂದರೆ ಯಂತ್ರದ ಆಗಿನ ಸ್ಥಿತಿಯನ್ನು ಹಾಗೇ ಉಳಿಸಿಡುವುದು. ಅದಕ್ಕೆ ಅರ್ಥವಾಗುವ ಹೆಸರು. ‘ಫಾಂಟ್ ಸರಿ, ಪ್ರಿಂಟರ್ ಇನ್ನೂ ಇಲ್ಲ’ ಅನ್ನುವ ಥರ. ಒಂದು ಸಲಕ್ಕೆ ಒಂದೇ ಬದಲಾವಣೆ. ನಿಜವಾದ ಕಂಪ್ಯೂಟರಿನಲ್ಲಿ ಸಿಗದ ದೊಡ್ಡ ಅನುಕೂಲ ಇದು. ತಪ್ಪಾದರೆ ಎರಡು ನಿಮಿಷದಲ್ಲಿ ನಿನ್ನೆಗೆ ಹೋಗಿ ನಿಲ್ಲಬಹುದು.

ಚಿತ್ತಾರದ ಚಿತ್ರಗಳು ಕಾಣದಿದ್ದದ್ದು ಸುಲಭದ ತೊಂದರೆ. ಪೇಜ್‌ಮೇಕರ್ ಚಿತ್ರಗಳನ್ನು ಡಿ ಡ್ರೈವಿನಲ್ಲಿ ಹುಡುಕುತ್ತಿತ್ತು. ಹೊಸ ಯಂತ್ರದಲ್ಲಿ ಡಿ ಅಂದರೆ ಸಿಡಿ ಡ್ರೈವ್, ಅತ್ತೆಯ ಡಿ ಇಲ್ಲಿ ಎಫ್ ಆಗಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಸಿಡಿ ಡ್ರೈವಿಗೆ ಜಡ್ ಕೊಟ್ಟೆ, ಎಫ್‌ಗೆ ಡಿ ಕೊಟ್ಟೆ. ಎಲ್ಲ ಚಿತ್ತಾರಗಳೂ ತಮ್ಮ ತಮ್ಮ ಜಾಗಕ್ಕೆ ಬಂದವು.

ಟೈಪಿಂಗ್‌ನದ್ದು ಬೇರೆಯದೇ ಕಥೆ. ಅತ್ತೆ ಕೆಲವು ತಿದ್ದುಪಡಿ ಹೇಳಿದ್ದಳು, ಹಾಕೋಣ ಎಂದು ಕೂತೆ. ನುಡಿ ಓಡುತ್ತಿದೆ, ಕೆಳಗೆ ಅದರ ಐಕಾನ್ ಇದೆ. ಒತ್ತಿದರೆ ಮಾತ್ರ ಕನ್ನಡ ಬರುತ್ತಿಲ್ಲ. ವರ್ಡ್‌ಪ್ಯಾಡಿನಲ್ಲೂ ಇಲ್ಲ, ನೋಟ್‌ಪ್ಯಾಡಿನಲ್ಲೂ ಇಲ್ಲ. ಸರಿ, ಪೇಜ್‌ಮೇಕರಿನದಲ್ಲ. ನುಡಿ ತೆಗೆದು ಹಾಕಿದೆ. ಹಾಗೇ ಇದೆ. ಕೀಬೋರ್ಡಿನ ಕೀಲಿಗಳು ಒಳಗೆ ತಲುಪುತ್ತಿವೆಯೇ ಎಂದು ನೋಡಿದರೆ ಇಂಗ್ಲಿಷ್ ಚೆನ್ನಾಗಿಯೇ ಬೀಳುತ್ತಿದೆ. ಕೊನೆಗೆ ಅತ್ತೆಯನ್ನೇ ಕೇಳಿದೆ. ‘ಸ್ಕ್ರೋಲ್ ಲಾಕ್ ಒತ್ತಿದ್ಯನೇ?’ ಎಂದಳು.

ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೋಗಿ ಬರುವುದು ಸ್ಕ್ರೋಲ್ ಲಾಕ್ ಕೀಲಿಯಿಂದ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಇಲ್ಲ! ತೊಂದರೆ ಇದ್ದದ್ದು ಎಲ್ಲಕ್ಕಿಂತ ಕೆಳಗೆ, ನನ್ನ ಬೆರಳ ತುದಿಯಲ್ಲಿ. ನನ್ನ ನೋಟ್‌ಬುಕ್ಕಿನ ಐದು ಅಂತಸ್ತಿನ ಕೆಳಗೆ ಇನ್ನೊಂದು ಗೆರೆ ಎಳೆದು ‘ಕೀಬೋರ್ಡ್’ ಎಂದು ಬರೆದೆ. ವರ್ಚುವಲ್‌ಬಾಕ್ಸಿನ ಇನ್‌ಪುಟ್ ಮೆನುವಿನಲ್ಲಿ ಪರದೆಯ ಮೇಲೆ ಬರುವ ಕೀಬೋರ್ಡ್ ಇದೆ. ಅದರಲ್ಲಿ ಸ್ಕ್ರೋಲ್ ಲಾಕ್ ಒತ್ತಿದೆ. ನೋಟ್‌ಪ್ಯಾಡಿನಲ್ಲಿ ಫಾಂಟ್ ನುಡಿಗೆ ಬದಲಿಸಿ ಒತ್ತಿದರೆ ‘ಕ’ ಮೂಡಿತು. ಪ್ರತಿ ಸಲ ಮೌಸ್ ಹಿಡಿಯುವುದು ಕಷ್ಟ. ಹೊರಗಿನಿಂದ ಒಂದು ಆಜ್ಞೆ ಕೊಟ್ಟು ಕೀಲಿಯ ಸಂಕೇತವನ್ನೇ ಒಳಗೆ ಕಳಿಸಲೂ ಬರುತ್ತದೆ. ಸ್ಕ್ರೋಲ್ ಲಾಕ್ ಒತ್ತಿದ್ದಕ್ಕೆ 46, ಬಿಟ್ಟದ್ದಕ್ಕೆ ಸಿ6. ಕೆಲವು ದಿನ ಹಾಗೆ ಮಾಡಿದೆ. ಆಮೇಲೆ ಎಸ್‌ಪಿ ರಸ್ತೆಗೆ ಹೋಗಿ, ಎಲ್ಲ ಕೀಲಿಗಳೂ ಇರುವ ದೊಡ್ಡ ಯುಎಸ್‌ಬಿ ಕೀಬೋರ್ಡ್ ತಂದೆ. ನುಡಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ನನಗೂ ಒಂದೆರಡು ವಾರದಲ್ಲಿ ಕೈಗೆ ಹತ್ತಿತು. ಅತ್ತೆಯ ವೇಗ ಮಾತ್ರ ಬೇರೆ. ಅವಳು ನೋಡದೆ ಟೈಪ್ ಮಾಡುತ್ತಾಳೆ.

ಇನ್ನು ಬಂತು ನಿಜವಾಗಿ ತಲೆ ಕೆಡಿಸಿದ ತೊಂದರೆ. ಕಾಗದದ ಪ್ರೂಫ್ ಪಕ್ಕದಲ್ಲಿಟ್ಟು ಪರದೆಯ ಪುಟದ ಜೊತೆ ಹೋಲಿಸುತ್ತಿದ್ದೆ. ಫಾಂಟ್ ಅದೇ, ಅಳತೆ ಅದೇ, ಚಿತ್ತಾರ ಅದೇ. ಸಾಲುಗಳು ಮಾತ್ರ ಬೇರೆ ಕಡೆ ಮುರಿಯುತ್ತಿದ್ದವು. ಪ್ರೂಫಿನಲ್ಲಿ ಒಂದೇ ಸಾಲಿನಲ್ಲಿ ಕೂತ ಪದ ಪರದೆಯಲ್ಲಿ ಕೆಳಗೆ ಇಳಿದಿತ್ತು. ಹೀಗೆ ಇಳಿದು ಇಳಿದು, ಕೆಲವು ಹಾಡುಗಳ ಕೊನೆಯ ನುಡಿ, ಅಂದರೆ ಕೊನೆಯ ಚರಣ, ಕಾಲಂನ ಹೊರಗೆ ಹೋಗಿ ಮರೆಯಾಗಿತ್ತು. ಬೇರೆ ಕಡೆ ಆಗಿದ್ದರೆ ಬಿಡಬಹುದಿತ್ತು. ಹಾಡಿನಲ್ಲಿ ಸಾಲು ಮುರಿಯುವುದೆಂದರೆ ಉಸಿರು ತೆಗೆದುಕೊಳ್ಳುವ ಜಾಗ. ಅತ್ತೆ ಪ್ರತಿ ಸಾಲನ್ನೂ ಹಾಡಿಕೊಂಡು ನೋಡಿ ಕೂರಿಸಿದ್ದಳು.

ಫಾಂಟಿನ ಬೇರೆ ಆವೃತ್ತಿ ಇರಬಹುದೇ? ಇಲ್ಲ, ಅದೇ ಡಿಸ್ಕಿನಿಂದ ತಂದದ್ದು. ಪರದೆಯ ಅಳತೆಯೇ? ಪರದೆಯ ಅಳತೆ ಸರಿಮಾಡಿದೆ, ಸಾಲು ಹಾಗೇ. ಎರಡು ವಾರಾಂತ್ಯ ಇದರಲ್ಲೇ ಹೋಯಿತು. ಆಮೇಲೆ ಸಾಗರಕ್ಕೆ ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋದೆ. ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಳು. ನಾನು ಫೈಲು ತೆರೆಯುವುದನ್ನು ನೋಡಿ, ‘ಪ್ರಿಂಟರ್ ಯಾವ್ದು ಹಾಕಿದ್ದೆ?’ ಎಂದು ಕೇಳಿದಳು. ಪ್ರಿಂಟರ್ ಹಾಕಿರಲಿಲ್ಲ. ಪಿಡಿಎಫ್ ಮಾಡುವಾಗ ನೋಡಿಕೊಳ್ಳೋಣ ಎಂದು ಬಿಟ್ಟಿದ್ದೆ. ಅಂಗಡಿಯಲ್ಲಿ ಅವಳ ಹತ್ತಿರ ಎರಡು ಪ್ರಿಂಟರ್ ಇದ್ದವಂತೆ. ಬಣ್ಣದ್ದು ಒಂದು, ಕಪ್ಪು ಬಿಳುಪು ಲೇಸರ್ ಒಂದು. ಬಣ್ಣದ್ದನ್ನು ಆರಿಸಿ ಫೈಲು ತೆರೆದರೆ ಸಾಲು ಜರುಗುತ್ತದೆ, ಅದಕ್ಕೆ ಮೊದಲು ಲೇಸರ್ ಆರಿಸಿಕೊಂಡೇ ಕೆಲಸ ಶುರು ಮಾಡುತ್ತಿದ್ದಳಂತೆ. ಯಾಕೆ ಹಾಗಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ಕಂಡುಕೊಂಡದ್ದು.

ಪೇಜ್‌ಮೇಕರಿನ ಡಾಕ್ಯುಮೆಂಟ್ ಸೆಟಪ್ ತೆರೆದೆ. ಅಲ್ಲೇ ಇತ್ತು, ಯಾವ ಪ್ರಿಂಟರಿಗಾಗಿ ಪುಟ ಜೋಡಿಸಬೇಕು ಎಂಬ ಆಯ್ಕೆ. ಪೇಜ್‌ಮೇಕರ್ ಅಕ್ಷರಗಳ ಅಗಲ ಲೆಕ್ಕ ಹಾಕುವಾಗ ಆ ಪ್ರಿಂಟರ್ ಒಂದು ಇಂಚಿಗೆ ಎಷ್ಟು ಚುಕ್ಕಿ ಹಾಕುತ್ತದೆ ಎಂಬುದನ್ನೂ ನೋಡುತ್ತದೆ. ಒಂದೊಂದು ಅಕ್ಷರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಇಡೀ ಸಾಲಿಗೆ ಅದು ಒಂದು ಪದ ಕೆಳಗಿಳಿಯುವಷ್ಟಾಗುತ್ತದೆ. ನುಡಿಯಂಥ ಫಾಂಟಿನಲ್ಲಿ ಇದು ಇನ್ನೂ ಜಾಸ್ತಿ ಇರಬೇಕು ಅಂತ ನನಗನ್ನಿಸುತ್ತದೆ, ಏಕೆಂದರೆ ಅಲ್ಲಿ ಒಂದು ಕನ್ನಡ ಅಕ್ಷರಕ್ಕೆ ಎರಡು ಮೂರು ಚೂರು. ಅತ್ತೆಯ ಲೇಸರ್ ಪ್ರಿಂಟರ್ 600 ಚುಕ್ಕಿಯದು. ಅದರ ಡ್ರೈವರ್ ಎಕ್ಸ್‌ಪಿ ಸಿಡಿಯಲ್ಲೇ ಇತ್ತು. ಪ್ರಿಂಟರ್ ಇಲ್ಲದಿದ್ದರೂ ಡ್ರೈವರ್ ಸಾಕು. ಹಾಕಿ, ಅದನ್ನೇ ಮೊದಲ ಆಯ್ಕೆ ಮಾಡಿ, ಮೂಲ ಫೈಲನ್ನು ಹೊಸದಾಗಿ ತೆರೆದೆ. ಅತ್ತೆ ಪ್ರೂಫ್ ಹಿಡಿದು ಸಾಲು ಸಾಲಾಗಿ ಓದಿದಳು. ನಾನು ಪರದೆಯಲ್ಲಿ ಬೆರಳಿಟ್ಟು ನೋಡಿದೆ. 60 ಹಾಡು ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಒಂದು ಸಾಲೂ ಜರುಗಿರಲಿಲ್ಲ.

ಪಿಡಿಎಫ್ ಮಾಡಿದ್ದು ಹೀಗೆ. ಎಕ್ಸ್‌ಪಿಯಲ್ಲಿ, ಪುಟವನ್ನು ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಬಳಸುವ ಒಂದು ಪ್ರಿಂಟರ್ ಸೇರಿಸಿ, ಅದರ ಪೋರ್ಟನ್ನು ಫೈಲ್ ಎಂದು ಕೊಟ್ಟೆ. ಅದೂ 600 ಚುಕ್ಕಿಯದೇ ಆಗಿರಬೇಕು ಎಂದು ಈಗ ಗೊತ್ತಿತ್ತು. ಪ್ರಿಂಟ್ ಕೊಟ್ಟರೆ ಕಾಗದದ ಬದಲು ಒಂದು ಪೋಸ್ಟ್‌ಸ್ಕ್ರಿಪ್ಟ್ ಫೈಲು ಶೇರ್ಡ್ ಫೋಲ್ಡರಿಗೆ ಬೀಳುತ್ತದೆ. ಹೊರಗೆ ಉಬುಂಟುವಿನಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಅದನ್ನು ಪಿಡಿಎಫ್ ಮಾಡುತ್ತದೆ. ಮೊದಲ ಪಿಡಿಎಫ್‌ನಲ್ಲಿ ಕನ್ನಡ ಇರಲಿಲ್ಲ, ಮತ್ತೆ ಪೌಂಡ್ ಗುರುತುಗಳು. ಈ ಸಲ ಗಾಬರಿಯಾಗಲಿಲ್ಲ. ಎಕ್ಸ್‌ಪಿಯಲ್ಲಿ ಫಾಂಟ್ ಇದೆ, ಪರದೆಯಲ್ಲಿ ಕನ್ನಡ ಇದೆ, ಹಾಗಾದರೆ ದಾರಿಯಲ್ಲಿ ಕಳೆದುಹೋಗಿದೆ. ಪ್ರಿಂಟ್ ಆಯ್ಕೆಗಳಲ್ಲಿ ಫಾಂಟನ್ನೂ ಜೊತೆಗೆ ಕಳಿಸು ಎನ್ನುವುದನ್ನು ಆರಿಸಿದೆ. ಸರಿಹೋಯಿತು.

ಪಿಡಿಎಫ್ ಅಚ್ಚು ಹಾಕಲು ಸಾಕು. ಆದರೆ ಹಾಡನ್ನು ಹುಡುಕಲು, ಫೋನಿನಲ್ಲಿ ಓದಲು ಯೂನಿಕೋಡ್ ಬೇಕಲ್ಲ. ಪೇಜ್‌ಮೇಕರಿನಿಂದ ಪಠ್ಯವನ್ನು ಎಕ್ಸ್‌ಪೋರ್ಟ್ ಮಾಡಿ ಹೊರಗೆ ತಂದೆ. ಉಬುಂಟುವಿನಲ್ಲಿ ತೆರೆದರೆ ಅರ್ಧಕ್ಕರ್ಧ ಪ್ರಶ್ನಾರ್ಥಕ ಚಿಹ್ನೆ. ಹೊರಗಿನ ಕಂಪ್ಯೂಟರ್ ಅದನ್ನು ಯೂನಿಕೋಡಿನ ಯುಟಿಎಫ್-8 ರೂಪ ಎಂದುಕೊಂಡು ಓದುತ್ತಿತ್ತು. ಎಕ್ಸ್‌ಪಿ ಬರೆದದ್ದು ವಿಂಡೋಸ್-1252 ಎಂಬ ಹಳೆಯ ಸಂಕೇತದಲ್ಲಿ. ಅದನ್ನು ಹೇಳಿ ತೆರೆದೆ, ಗೀಟಿನ ಎ, ಪೌಂಡ್ ಎಲ್ಲ ಸರಿಯಾಗಿ ಬಂದವು. ಅಲ್ಲಿಂದ ಯೂನಿಕೋಡಿಗೆ ತಿರುಗಿಸುವ ಉಚಿತ ಕನ್ವರ್ಟರುಗಳು ಇವೆ. ಆದರೂ ನಾನೇ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದೆ, ಹೇಗೆ ಆಗುತ್ತದೆ ಎಂದು ತಿಳಿಯುವ ಆಸೆಗೆ.

ಇದರಲ್ಲಿ ಕಲಿತದ್ದು ಬಹಳ. ನುಡಿಯ ಸಂಕೇತ ನಾವು ಬರೆಯುವ ರೂಪವನ್ನು ಹಿಡಿದಿಟ್ಟಿದೆ, ಯೂನಿಕೋಡ್ ನಾವು ಉಚ್ಚರಿಸುವ ಕ್ರಮವನ್ನು. ‘ಮ’ ಅಲ್ಲಿ ಒಂದು ಅಕ್ಷರವಲ್ಲ, ವ-ಕ್ಕೆ ಕೊಂಬು ಸೇರಿಸಿದ್ದು. ‘ಯ’ ಶುರುವಾಗುವುದೇ ಅನುಸ್ವಾರದ ಸೊನ್ನೆಯಿಂದ. ಹಾಗಾಗಿ ಸೊನ್ನೆ ಸಿಕ್ಕ ತಕ್ಷಣ ಅನುಸ್ವಾರ ಎಂದುಕೊಂಡರೆ ಎಲ್ಲ ‘ಯ’ಗಳೂ ಹಾಳಾಗುತ್ತವೆ. ಉದ್ದದ ಜೋಡಿಯನ್ನು ಮೊದಲು ಹುಡುಕಬೇಕು. ಅರ್ಕಾವತ್ತು ಇನ್ನೂ ಸ್ವಾರಸ್ಯ. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದೆ, ನುಡಿಯಲ್ಲೂ ಕೊನೆಗೇ. ಯೂನಿಕೋಡಿನಲ್ಲಿ ರ-ಕಾರ ಮೊದಲು ಬರಬೇಕು, ಆಮೇಲೆ ಯ. ಪ್ರೋಗ್ರಾಂ ಹಿಂದಕ್ಕೆ ಹೋಗಿ ಅಕ್ಷರಕ್ಕಿಂತ ಮೊದಲು ಅದನ್ನು ಇಡಬೇಕು. ಮೊದಲ ಸಲ ಓಡಿಸಿದಾಗ ‘ಕರ್ನಾಟಕ’ ತಪ್ಪಾಗಿ ಬಂತು. ನ-ಕ್ಕೆ ದೀರ್ಘವೂ ಇದೆ, ದೀರ್ಘವನ್ನೂ ದಾಟಿ ಹಿಂದೆ ಹೋಗಬೇಕೆಂದು ನಾನು ಬರೆದಿರಲಿಲ್ಲ. ಅದು ವರ್ಚುವಲ್ ಮಷೀನಿನ ತೊಂದರೆಯಲ್ಲ, ನನ್ನ ಪ್ರೋಗ್ರಾಮಿನದು. ಎರಡನ್ನೂ ಬೇರೆ ಮಾಡಿ ನೋಡಲು ಅಷ್ಟು ಹೊತ್ತಿಗೆ ಕಣ್ಣು ಪಳಗಿತ್ತು. ಒಳಗಿನ ಪೇಜ್‌ಮೇಕರಿನಲ್ಲಿ ಆ ಪದ ಸರಿಯಾಗಿ ಕಾಣುತ್ತಿದೆ, ಎಕ್ಸ್‌ಪೋರ್ಟ್ ಆದ ಫೈಲಿನಲ್ಲೂ ಸಂಕೇತ ಸರಿಯಾಗಿದೆ, ಹಾಗಾದರೆ ಆಮೇಲೆ ಕೆಟ್ಟದ್ದು.

ಕಳೆದ ತಿಂಗಳು ಮೊದಲ 60 ಹಾಡುಗಳನ್ನು ಅತ್ತೆಯ ಫೋನಿಗೆ ಕಳಿಸಿದೆ. ಅಕ್ಷರ ದೊಡ್ಡದು ಮಾಡಿಕೊಂಡು ಜಗಲಿಯಲ್ಲಿ ಕೂತು ಓದಿದಳಂತೆ. ರಾತ್ರಿ ಫೋನ್ ಬಂತು. 34ನೇ ಹಾಡಿನಲ್ಲಿ ಒಂದು ಪದ ತಪ್ಪಿದೆ ಎಂದಳು. ನಾನು ತಕ್ಷಣ ಯಂತ್ರ ಹಚ್ಚಿ ನೋಡಿದೆ. ಪೇಜ್‌ಮೇಕರಿನಲ್ಲೂ ಹಾಗೇ ಇತ್ತು, ಪ್ರೂಫಿನಲ್ಲೂ ಹಾಗೇ ಇತ್ತು. ‘ಹಂಗಾರೆ ಅದು ಯಂದೇ ತಪ್ಪು’ ಎಂದಳು. ಇಪ್ಪತ್ತು ವರ್ಷದ ಹಿಂದೆ ಟೈಪ್ ಮಾಡುವಾಗ ಆದದ್ದು. ಆಮೇಲೆ ಆ ಹಾಡನ್ನು ಫೋನಿನಲ್ಲೇ ಪೂರ್ತಿ ಹೇಳಿದಳು. ಹೇಳುತ್ತ ಹೇಳುತ್ತ, ಬರೆದದ್ದಕ್ಕಿಂತ ಎರಡು ನುಡಿ ಜಾಸ್ತಿ ಬಂದವು. ಹಾಡಿದವರು ಆಗ ಮರೆತು ಬಿಟ್ಟಿದ್ದರಂತೆ. ಅಜ್ಜಿ ಹೇಳುತ್ತಿದ್ದದ್ದು ಅವಳಿಗೆ ಈಗ ನೆನಪಾಯಿತು.

ನಾನು ಬರೆದುಕೊಂಡೆ. ಈ ಶನಿವಾರ ಮತ್ತೆ ಸಾಗರಕ್ಕೆ ಹೋಗುತ್ತಿದ್ದೇನೆ. ಆ ಎರಡು ನುಡಿಗಳನ್ನು ಅತ್ತೆ ತಾನೇ ಪೇಜ್‌ಮೇಕರಿನಲ್ಲಿ ಕೂರಿಸುತ್ತಾಳಂತೆ. ಸ್ಕ್ರೋಲ್ ಲಾಕ್ ಇರುವ ಕೀಬೋರ್ಡನ್ನು ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ.